‘ಸೈಟಿನ ದರ ಇಳಿಯಲ್ಲ’ ಅನ್ನೋ ಮನೆಯವರ ಜೊತೆ ಲೆಕ್ಕಕ್ಕೆ ಕೂರೋದು ಹೇಗೆ

ಮೂವತ್ತೊಂದು ವರ್ಷದಿಂದ ದಾವಣಗೆರೆಯಲ್ಲಿ ಕ್ರಯಪತ್ರ ಬರೆಯುತ್ತಿದ್ದೇನೆ. ಶುರುವಿನಲ್ಲಿ ಕೈಬರಹ, ಆಮೇಲೆ ಟೈಪ್ ಮಿಷನ್ನು, ಈಗ ಕಂಪ್ಯೂಟರ್. ಈ ಕೆಲಸದಲ್ಲಿ ಇರೋರಿಗೆ ಮೂರು ದರ ಕಿವಿಗೆ ಬೀಳುತ್ತವೆ: ಮಾರುವವನು ಊರ ಮುಂದೆ ಹೇಳಿಕೊಂಡು ತಿರುಗುವ ದರ, ಪತ್ರದಲ್ಲಿ ಬರೆಸುವ ದರ, ಕೊನೆಗೆ ನಿಜವಾಗಿ ಕೈಗೆ ಬಂದ ದುಡ್ಡು. ಮೂರಕ್ಕೂ ತಾಳೆ ಆಗಿದ್ದನ್ನು ನಾನು ನೋಡಿದ್ದು ಅಪರೂಪ.

ಇಷ್ಟು ಗೊತ್ತಿದ್ದೂ ನನ್ನ ಸ್ವಂತ ಅಣ್ಣ ತನ್ನ ಎರಡನೇ ಸೈಟಿನ ಬಗ್ಗೆ ‘ದರ ಇಳಿಯಲ್ಲ, ಮಾರಲ್ಲ’ ಅನ್ನುವ ಮನಸ್ಸು ಬದಲಿಸಲು ನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಮೂರು ವರ್ಷ ನಾನೇ ತಪ್ಪು ದಾರಿ ಹಿಡಿದು ಹಾಳು ಮಾಡಿದೆ. ‘ಅಪ್ಪ ಶಾಮನೂರು ಕಡೆ ಸೈಟು ಮಾರಲ್ಲ ಅಂತಾರೆ, ನಾವು ಇಲ್ಲಿ ಸಾಲದ ಬಡ್ಡಿ ಕಟ್ತಿದೀವಿ, ಏನ್ ಮಾಡೋದು ಸರ್’ ಅಂತ ಕೇಳುವ ಮಕ್ಕಳು ವಾರಕ್ಕೊಬ್ಬರಾದರೂ ಬರುತ್ತಾರೆ. ಅವರಿಗೆ ತುಂಡು ತುಂಡಾಗಿ ಹೇಳುತ್ತಿದ್ದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲನೇ ಸೈಟಿನ ಕಥೆ ಕೇಳಿ

ಸಂಖ್ಯೆಯಿಂದ ಶುರು ಮಾಡಬೇಡಿ. ‘ನೀನು ಮೊದಲನೇ ಸೈಟು ತಗೊಂಡಿದ್ದು ಯಾವಾಗ, ದುಡ್ಡು ಹೆಂಗೆ ಹೊಂದಿಸಿದೆ’ ಅಂತ ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ನಾನು ಇದನ್ನು ಕೇಳಿದ್ದು ನಾಲ್ಕನೇ ವರ್ಷ. ತಮ್ಮನಾಗಿ ಅಣ್ಣನ ಕಥೆ ನನಗೆ ಗೊತ್ತೇ ಇದೆ ಅಂದುಕೊಂಡಿದ್ದೆ. ಗೊತ್ತಿರಲಿಲ್ಲ.

ಅಣ್ಣ ಗಿರಣಿ ಕಾರ್ಮಿಕ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವನು. ಗಿರಣಿ ಕೂಗಿಗೆ ಊರೇ ಗಡಿಯಾರ ಹೊಂದಿಸಿಕೊಳ್ಳುತ್ತಿತ್ತು. ಹತ್ತಿ ಗಿರಣಿ ನಿಲ್ಲುತ್ತದೆ ಅಂತ ಆಗ ಹೇಳಿದ್ದರೆ ಹುಚ್ಚ ಅನ್ನುತ್ತಿದ್ದರು. ಆದರೆ ನಿಂತವು, ಒಂದಾದ ಮೇಲೊಂದು. ಅವನ ಗಿರಣಿ ನಿಂತಾಗ ಬರಬೇಕಾದ ಬಾಕಿ ಕಂತು ಕಂತಾಗಿ, ಅದೂ ತಡವಾಗಿ ಬಂತು. ಅತ್ತಿಗೆ ಬಳೆ ಬಿಚ್ಚಿ ಕೊಟ್ಟರು. 1991ರಲ್ಲಿ ನಿಟ್ಟುವಳ್ಳಿ ಕಡೆ ಮೂವತ್ತು ನಲವತ್ತರ ಸೈಟು, 30,000 ರೂಪಾಯಿಗೆ. ಆಮೇಲೆ ಅವನು ಮಂಡಿಪೇಟೆಯಲ್ಲಿ ದಲಾಲಿ ಅಂಗಡಿಯ ಗುಮಾಸ್ತನಾಗಿ ಜೀವನ ತೆಗೆದ. 2011ರಲ್ಲಿ ಎರಡನೇ ಮಗಳ ಮದುವೆಗೆ ಅಂತ ಆ ಸೈಟು ಮಾರಿದಾಗ ಕೈಗೆ ಬಂದದ್ದು 12 ಲಕ್ಷ. ನಲವತ್ತು ಪಟ್ಟು.

‘ಗಿರಣಿ ಹೋತು ತಮ್ಮಾ, ಮಣ್ಣು ಹೋಗ್ಲಿಲ್ಲ’ ಅಂದ ಅವತ್ತು. ಹೇಳುವಾಗ ಅಳಲಿಲ್ಲ, ಆದರೆ ಅಂಗೈಯಿಂದ ನೆಲ ಸವರಿದ.

ಆಗ ನನಗೆ ಅರ್ಥವಾಯಿತು, ನಾನು ಮೂರು ವರ್ಷ ಯಾವುದರ ವಿರುದ್ಧ ವಾದ ಮಾಡುತ್ತಿದ್ದೆ ಅಂತ. ದರ ಇಳಿಯಲ್ಲ ಅನ್ನುವುದು ಅವನಿಗೆ ಮಾರುಕಟ್ಟೆಯ ಮಾತೇ ಅಲ್ಲ. ಕೆಲಸ ಕಳಕೊಂಡ ವರ್ಷ ತಾನು ತೆಗೆದುಕೊಂಡ ಒಂದೇ ಒಂದು ದೊಡ್ಡ ನಿರ್ಧಾರ ಸರಿಯಾಗಿತ್ತು ಅನ್ನುವ ಮಾತು. ಅದನ್ನು ಅಲ್ಲಗಳೆದರೆ ಅತ್ತಿಗೆಯ ಬಳೆಯನ್ನೇ ಅಲ್ಲಗಳೆದ ಹಾಗೆ. ನಿಮ್ಮ ಮನೆಯಲ್ಲಿ ಬಳೆಯ ಬದಲು ಬೇರೆ ಏನೋ ಇರುತ್ತದೆ. ಅದು ಏನು ಅಂತ ತಿಳಿಯುವವರೆಗೆ ಕ್ಯಾಲ್ಕುಲೇಟರ್ ಮುಟ್ಟಬೇಡಿ.

ನಾನು ಮಾಡಿದ ತಪ್ಪುಗಳು

ಮೊದಲನೇ ವರ್ಷ ಯುಗಾದಿ ಊಟದಲ್ಲಿ, ಸೊಸೆ, ಬೀಗರು, ಮೊಮ್ಮಕ್ಕಳ ಮುಂದೆ, ‘ಅಣ್ಣಾ, ಆ ಎರಡನೇ ಸೈಟು ಮಾರಿಬಿಡು, ಅದು ಏಳೋದಿಲ್ಲ’ ಅಂದೆ. ನಾಲ್ಕು ಜನರ ಎದುರು ಹಿರಿಯರನ್ನು ತಿದ್ದಲು ಹೋದರೆ ಅವರಿಗೆ ಉಳಿಯುವುದು ತಾವು ಹೇಳಿದ್ದಕ್ಕೇ ಅಂಟಿಕೊಳ್ಳುವ ದಾರಿ ಮಾತ್ರ.

ಎರಡನೇ ವರ್ಷ ಪರದೇಶದ ಉದಾಹರಣೆ ಕೊಟ್ಟೆ. ಜಪಾನಿನಲ್ಲಿ ಜಾಗದ ದರ 1991ರ ಹೊತ್ತಿಗೆ ತುದಿ ಮುಟ್ಟಿ, ಆಮೇಲೆ ಹತ್ತು ವರ್ಷಕ್ಕೂ ಮೀರಿ ಇಳಿಯುತ್ತಲೇ ಹೋಯಿತು. ಅಮೆರಿಕದಲ್ಲಿ ಮನೆಗಳ ಬೆಲೆ 2006ರಿಂದ 2012ರೊಳಗೆ ಸರಾಸರಿ ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. ಇದೆಲ್ಲ ನಿಜ. ಅಣ್ಣ ಹೇಳಿದ: ‘ಅಲ್ಲಿ ಭೂಕಂಪ ಆಗ್ತಾವಪ್ಪಾ, ಇಲ್ಲಿ ಭದ್ರಾ ನೀರು ಹರಿತೈತೆ.’ ಅವನ ಕಡೆಯಿಂದ ನೋಡಿದರೆ ಆ ಮಾತಿನಲ್ಲಿ ತಪ್ಪಿಲ್ಲ. ತಾನು ಕಾಣದ ಊರಿನ ದರಕ್ಕಿಂತ ತಾನು ಮಾರಿದ ಸೈಟಿನ ದರ ದೊಡ್ಡದು.

ಮೂರನೇ ವರ್ಷ ಪತ್ರಿಕೆಯ ಲೇಖನಗಳನ್ನು ಕತ್ತರಿಸಿ ಕೊಟ್ಟೆ. ಇಳಿದ ಊರುಗಳ ಸುದ್ದಿಯಲ್ಲಿ ತಪ್ಪು ಹುಡುಕಿದ, ಏರಿದ ಊರುಗಳ ಸುದ್ದಿಯನ್ನು ಮಡಿಸಿ ಕಿಸೆಗೆ ಹಾಕಿಕೊಂಡ. ಇದು ನಮ್ಮಣ್ಣನೊಬ್ಬನ ಗುಣವಲ್ಲ. 1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಮರಣದಂಡನೆ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಅವೇ ಎರಡು ವರದಿ ಕೊಟ್ಟರು, ಒಂದು ಪರ, ಒಂದು ವಿರುದ್ಧ. ಓದಿ ಮುಗಿದ ಮೇಲೆ ಇಬ್ಬರೂ ಹತ್ತಿರ ಬರುವ ಬದಲು ಇನ್ನೂ ದೂರ ಹೋದರು. ತಮಗೆ ಒಪ್ಪಿದ ವರದಿ ಗಟ್ಟಿ, ಒಪ್ಪದ್ದು ಟೊಳ್ಳು ಅಂತ ಪ್ರತಿಯೊಬ್ಬರಿಗೂ ಕಂಡಿತ್ತು.

ನನಗೂ ಹಾಗೇ ಆಗಿದೆ, ಅದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. 2016ರ ನವೆಂಬರ್ 8ರಂದು ನೋಟು ರದ್ದಾಯಿತು. ನನ್ನ ಟೇಬಲ್ ಮುಂದೆ ವಾರಗಟ್ಟಲೆ ಜನ ಇಲ್ಲ. ತಂಗಿಯ ಮಗಳು, ಶಾಲೆಯ ಟೀಚರು, ಆಗ 32 ಲಕ್ಷಕ್ಕೆ ಒಂದು ಹಳೇ ಮನೆ ನೋಡಿದ್ದಳು. ‘ಆರು ತಿಂಗಳು ತಡಿಯಮ್ಮ, ದರ ಬೀಳ್ತೈತೆ’ ಅಂದೆ. ಬೀಳಲಿಲ್ಲ. ಜನ ಮಾರುವುದನ್ನೇ ನಿಲ್ಲಿಸಿದರು, ಅಷ್ಟೇ. ಪತ್ರ ಕಡಿಮೆ ಬಂದ ತಿಂಗಳು ‘ನೋಡು, ಬೀಳ್ತಾ ಐತೆ’ ಅಂದೆ, ಜಾಸ್ತಿ ಬಂದ ತಿಂಗಳು ‘ಇದು ಹಬ್ಬದ ಗದ್ದಲ’ ಅಂದೆ. ಮೂರು ವರ್ಷ ಕಾದು 2020ರ ಶುರುವಿನಲ್ಲಿ ಅವಳು ಅಂಥದ್ದೇ ಮನೆಗೆ 41 ಲಕ್ಷ ಕೊಟ್ಟಳು. ಮಾವನ ಮಾತು ಅಂತ ಕಾದ ಹುಡುಗಿ ಅವಳು. ಆ ಒಂಬತ್ತು ಲಕ್ಷ ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ. ಏರುತ್ತದೆ ಅನ್ನುವವನೂ ಬೀಳುತ್ತದೆ ಅನ್ನುವವನೂ ಒಂದೇ ರೀತಿ ಹಟ ಹಿಡಿಯುತ್ತಾರೆ ಅಂತ ಅಲ್ಲಿ ಕಲಿತೆ. ಅಣ್ಣನ ಜೊತೆ ಲೆಕ್ಕಕ್ಕೆ ಕೂತ ದಿನ ಮೊದಲು ಈ ಕಥೆಯನ್ನೇ ಹೇಳಿದೆ. ಅವನ ಮುಖ ಸಡಿಲವಾದದ್ದು ಅದನ್ನು ಕೇಳಿದ ಮೇಲೆ.

ಆ ಒಂದು ಮಾತನ್ನು ಬಿಡಿಸಿ

‘ದರ ಇಳಿಯಲ್ಲ’ ಅನ್ನುವುದರೊಳಗೆ ಮೂರು ಮಾತಿವೆ. ಒಂದು, ರೂಪಾಯಿ ಲೆಕ್ಕದಲ್ಲಿ ಹಿಂದಿನ ವರ್ಷಕ್ಕಿಂತ ಕಡಿಮೆಗೆ ಯಾರೂ ಮಾರುವುದಿಲ್ಲ. ಎರಡು, ಆ ರೂಪಾಯಿಗೆ ಮುಂಚೆ ಬರುತ್ತಿದ್ದಷ್ಟೇ ಅಕ್ಕಿ, ಸಿಮೆಂಟು, ಬಂಗಾರ ಇವತ್ತೂ ಬರುತ್ತದೆ. ಮೂರು, ನಾನು ಬೇಕು ಅಂದ ದಿನ ಆ ದರಕ್ಕೆ ಗಿರಾಕಿ ಸಿಗುತ್ತಾನೆ.

ಮೊದಲನೆಯದು ನಮ್ಮ ಕಡೆ ಬಹುಪಾಲು ನಿಜ. ಹಾಗಾಗಿ ಅದನ್ನು ಒಪ್ಪಿಕೊಂಡುಬಿಡಿ, ಅದರ ಮೇಲೆ ಜಗಳ ಬೇಡ. ಅದು ಯಾಕೆ ನಿಜ ಅನ್ನುವುದು ಮುಖ್ಯ. ಡೇವಿಡ್ ಜೆನೆಸೋವ್, ಕ್ರಿಸ್ಟೋಫರ್ ಮೇಯರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಬಾಸ್ಟನ್ ನಗರದ ಫ್ಲ್ಯಾಟ್ ಮಾರಾಟಗಳನ್ನು ನೋಡಿ 2001ರಲ್ಲಿ ಬರೆದರು: ಕೊಂಡ ದರಕ್ಕಿಂತ ಮಾರುಕಟ್ಟೆ ಕೆಳಗಿಳಿದಾಗ, ನಷ್ಟ ಕಾಣುವ ಮಾಲೀಕರು ಉಳಿದವರಿಗಿಂತ ಜಾಸ್ತಿ ದರ ಹೇಳಿ, ಜಾಸ್ತಿ ದಿನ ಕಾದು ಕೂರುತ್ತಾರೆ. ನಮ್ಮೂರ ದಲ್ಲಾಳಿಗಳು ಇದನ್ನೇ ‘ದರ ಬೀಳಲ್ರೀ, ಗಿರಾಕಿ ಬೀಳ್ತಾನೆ’ ಅನ್ನುತ್ತಾರೆ. ಕೆಟ್ಟ ಕಾಲ ಬಂದರೆ ದರದ ಬೋರ್ಡು ಹಾಗೇ ಇರುತ್ತದೆ, ವ್ಯವಹಾರ ನಿಲ್ಲುತ್ತದೆ.

ಎರಡು ಮತ್ತು ಮೂರನೇ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಅವರ ಕೈಯಿಂದಲೇ ಬರೆಸಿ, ಕೆಳಗೆ ತಾರೀಖು ಹಾಕಿಸಿ. ‘ಏನು ಕಂಡರೆ ಇದು ತಪ್ಪು ಅಂತ ಒಪ್ತೀಯಾ?’ ಅಂತಲೂ ಕೇಳಿ. ಅಣ್ಣ ತುಂಬ ಹೊತ್ತು ಯೋಚಿಸಿ ಬರೆದ: ‘ದೀಪಾವಳಿ ಒಳಗೆ 25 ಲಕ್ಷಕ್ಕೆ ಸಂಚಕಾರ ಕೊಡೋರು ಒಬ್ಬರೂ ಬರದಿದ್ರೆ.’ (ಸಂಚಕಾರ ಅಂದರೆ ಮುಂಗಡ ಹಣ.) ಬರೆದದ್ದನ್ನು ನಾನು ತಿದ್ದಲಿಲ್ಲ. ಮುಂದೆ ಕೆಲಸ ಮಾಡಿದ್ದು ಆ ಸಾಲೇ. ನೀವು ಹಾಕಿಕೊಟ್ಟ ಗೆರೆಯನ್ನು ಅವರು ಮುಂದಕ್ಕೆ ಸರಿಸುತ್ತಾರೆ, ತಾವೇ ಹಾಕಿಕೊಂಡ ಗೆರೆಯನ್ನು ಸರಿಸಲು ನಾಚುತ್ತಾರೆ.

ನಿಜವಾದ ದರ ಹುಡುಕುವುದು

ಇದಕ್ಕೆ ಒಂದು ತಿಂಗಳು ಇಡಿ. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕದಲ್ಲಿ ಬೆಂಗಳೂರು ಇದೆ, ದಾವಣಗೆರೆ ಇಲ್ಲ. ಬೆಂಗಳೂರಿನ ಅಂಕಿಯನ್ನು ತಂದು ಶಾಮನೂರಿಗೆ ಅಂಟಿಸಬೇಡಿ. ನಮ್ಮೂರಿನ ದರವನ್ನು ನಡೆದೇ ಹುಡುಕಬೇಕು.

ಗೈಡ್‌ಲೈನ್ ವ್ಯಾಲ್ಯೂ ಮಾರುಕಟ್ಟೆ ದರವಲ್ಲ. 2023ರ ಅಕ್ಟೋಬರ್ 1ರಿಂದ ಸರ್ಕಾರ ಮಾರ್ಗಸೂಚಿ ದರ ಏರಿಸಿದಾಗ, ಅದಕ್ಕೆ ಮುಂಚಿನ ವಾರ ನನ್ನ ಮುಂದೆ ಊಟಕ್ಕೂ ಏಳಲಾರದಷ್ಟು ಸಾಲು. ಏರಿದ ಮೇಲೆ ಅಣ್ಣ ಬಂದು ‘ನೋಡು, ಸರ್ಕಾರನೇ ಏರಿಸೈತೆ’ ಅಂದ. ಅದು ಮುದ್ರಾಂಕ ಶುಲ್ಕ ಲೆಕ್ಕ ಹಾಕಲು ಇರುವ ಕನಿಷ್ಠ ದರ. ಅದು ಏರಿದರೆ ಕೊಳ್ಳುವವನ ಖರ್ಚು ಏರುತ್ತದೆ, ಅವನ ಸಂಬಳ ಏರುವುದಿಲ್ಲ.

ಹಳೇ ಪತ್ರದ ಮೊಬಲಗನ್ನೂ ಪೂರ್ತಿ ನಂಬಬೇಡಿ. ಶುಲ್ಕ ಉಳಿಸಲು ಕಡಿಮೆ ಬರೆಸಿದ ಪತ್ರಗಳು ಬೇಕಾದಷ್ಟಿವೆ, ಅದು ತಪ್ಪು ಅಂತ ನಾನು ಪ್ರತಿ ಸಲ ಹೇಳಿದ್ದೇನೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಋಣಭಾರ ಪತ್ರ, ಅಂದರೆ ಆಸ್ತಿಯ ವ್ಯವಹಾರಗಳ ಪಟ್ಟಿ) ತೆಗೆದರೆ ಆಸುಪಾಸಿನ ಸೈಟು ಎಷ್ಟು ಸಲ ಕೈ ಬದಲಾಗಿದೆ ಅಂತ ತಿಳಿಯುತ್ತದೆ. ಹನ್ನೆರಡು ವರ್ಷದಲ್ಲಿ ಒಂದು ಸಾಲಿನ ಹತ್ತು ಸೈಟಿನಲ್ಲಿ ಎರಡೇ ಮಾರಾಟವಾಗಿದ್ದರೆ, ‘ಬೇಕು ಅಂದ ದಿನ ಗಿರಾಕಿ’ ಅನ್ನುವ ಮಾತಿಗೆ ಅದೇ ಉತ್ತರ.

ಪಕ್ಕದವರು ಹೇಳುವ ದರವಂತೂ ಬರೀ ಹೇಳುವ ದರ. ಆದರೆ ಒಮ್ಮೆ ಕಿವಿಗೆ ಬಿದ್ದ ಸಂಖ್ಯೆ ತಲೆಯಿಂದ ಹೋಗುವುದಿಲ್ಲ. 1987ರಲ್ಲಿ ಅಮೆರಿಕದ ಟೂಸಾನ್ ಊರಿನಲ್ಲಿ ಮನೆ ಮಾರಿಸುವ ಏಜೆಂಟರಿಗೇ ಒಂದು ಮನೆ ತೋರಿಸಿ, ಬೇರೆ ಬೇರೆಯವರಿಗೆ ಬೇರೆ ಬೇರೆ ‘ಕೇಳುವ ದರ’ ಕೊಟ್ಟರು. ಮನೆ ಒಂದೇ, ಅವರು ಕಟ್ಟಿದ ಬೆಲೆ ಮಾತ್ರ ಆ ದರದ ಹಿಂದೆ ಹೋಯಿತು. ತಾವು ಆ ದರವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಂತಲೂ ಹೆಚ್ಚಿನವರು ಹೇಳಿದರು. ಕಸುಬಿನವರ ಗತಿಯೇ ಹೀಗಾದರೆ, ದಿನಾ ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ‘ಇಪ್ಪತ್ತೈದಕ್ಕೆ ಕಮ್ಮಿ ಕೊಡಬ್ಯಾಡ’ ಅನ್ನುವ ಗೆಳೆಯರ ನಡುವೆ ಕೂರುವ ನಮ್ಮಣ್ಣ ಏನು ಮಾಡಿಯಾನು?

ಹಾಗಾಗಿ ಮೂವರು ದಲ್ಲಾಳಿಗಳ ಹತ್ತಿರ ಹೋಗಿ, ‘ದರ ಎಷ್ಟೈತೆ’ ಅಂತ ಕೇಳಬೇಡಿ. ‘ಈ ತಿಂಗಳು ಸಂಚಕಾರ ಕೊಡೋ ಗಿರಾಕಿ ಕರಕೊಂಡು ಬರ್ರಿ, ಅವರು ಹೇಳೋ ದರ ಕೇಳ್ತೀವಿ’ ಅನ್ನಿ. ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರೇ ಕೇಳಲಿ. ಅಣ್ಣನ ಸೈಟಿಗೆ ಬಂದ ಮೂರು ದರ: 15.5, 16, 16.5 ಲಕ್ಷ. ಮೂರನ್ನೂ ಅವನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಲೆಕ್ಕ, ಅವರ ಪೆನ್ನಿನಲ್ಲಿ

ಈ ಭಾಗಕ್ಕೆ ಇಬ್ಬರೇ ಇರಬೇಕು. ನಾವು ಕೂತದ್ದು ಕುಂದುವಾಡ ಕೆರೆ ಏರಿಯ ಮೇಲೆ, ಬೆಳಗಿನ ವಾಕಿಂಗ್ ಮುಗಿಸಿ.

ಆ ಎರಡನೇ ಸೈಟು ಅಣ್ಣ ತಗೊಂಡಿದ್ದು 2012ರಲ್ಲಿ, ಮದುವೆ ಖರ್ಚು ಕಳೆದು ಉಳಿದದ್ದಕ್ಕೆ ಕೂಡಿಟ್ಟದ್ದು ಸೇರಿಸಿ. ಚದರಡಿಗೆ 700ರಂತೆ 1,200 ಚದರಡಿಗೆ 8,40,000. ಸ್ಟಾಂಪು, ನೋಂದಣಿ, ದಲ್ಲಾಳಿ ಎಲ್ಲ ಸೇರಿ 60,000. ಒಟ್ಟು 9 ಲಕ್ಷ. 2024ರಲ್ಲಿ ಬಂದ ಮೇಲಿನ ದರ 16.5 ಲಕ್ಷ. ‘ಏಳೂವರೆ ಲಕ್ಷ ಲಾಭ, ಇಳಿದಿಲ್ಲಲ್ಲ?’ ಅಂದ. ಇಳಿದಿಲ್ಲ ಅಂದೆ.

ಆಮೇಲೆ ಕೇಳಿದೆ, 2012ರಲ್ಲಿ ಒಂಬತ್ತು ಲಕ್ಷಕ್ಕೆ ಏನೇನು ಬರುತ್ತಿತ್ತೋ ಅಷ್ಟೇ ತರಲು ಈಗ ಎಷ್ಟು ಬೇಕು? ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕ 2012ರಲ್ಲಿ 100 ಅಂತ ಇಟ್ಟರೆ 2024ರ ಮಧ್ಯಕ್ಕೆ 190ರ ಆಸುಪಾಸು. 9 ಲಕ್ಷಕ್ಕೆ 1.9 ಪಟ್ಟು ಹಾಕಿದರೆ 17 ಲಕ್ಷ ಚಿಲ್ಲರೆ. ಮಂಡಿಯಲ್ಲಿ ಲೆಕ್ಕ ಬರೆದ ಕೈ ಅದು, ಗುಣಾಕಾರ ಅವನೇ ಮಾಡಿದ. ಹದಿನಾರೂವರೆ, ಹದಿನೇಳು. ಎರಡೂ ಅಂಕಿಯ ಕೆಳಗೆ ಗೆರೆ ಎಳೆದ.

ಬ್ಯಾಂಕಿನ ಲೆಕ್ಕಕ್ಕೆ ಸುಲಭದ ದಾರಿ: 72ನ್ನು ಬಡ್ಡಿಯಿಂದ ಭಾಗಿಸಿದರೆ ದುಡ್ಡು ಎರಡು ಪಟ್ಟಾಗುವ ವರ್ಷ ಸಿಗುತ್ತದೆ. ಶೇ 7ಕ್ಕೆ ಹತ್ತು ವರ್ಷ ಚಿಲ್ಲರೆ. ಹನ್ನೆರಡು ವರ್ಷದಲ್ಲಿ 9 ಲಕ್ಷ 20 ಲಕ್ಷ ದಾಟಿರುತ್ತಿತ್ತು. ಇನ್ನು ವರ್ಷಕ್ಕೆ ಎರಡು ಸಲ ಕಾಂಗ್ರೆಸ್ ಹುಲ್ಲು, ಜಾಲಿ ಕಡಿಸಿದ ಕೂಲಿ, ಕಂದಾಯ ಬೇರೆ.

ಎಲ್ಲಕ್ಕಿಂತ ಅವನನ್ನು ಹಿಡಿದು ನಿಲ್ಲಿಸಿದ್ದು ಅವನ ಮೊದಲನೇ ಸೈಟಿನ ಲೆಕ್ಕವೇ. 30,000 ಇಪ್ಪತ್ತು ವರ್ಷಕ್ಕೆ 12 ಲಕ್ಷ ಅಂದರೆ ವರ್ಷಕ್ಕೆ ಶೇ 20ರಂತೆ ಏರಿದೆ. ‘ಎರಡನೇದೂ ಅದೇ ಓಟ ಓಡಿದ್ರೆ ಇವತ್ತು ಎಷ್ಟಾಗಬೇಕಿತ್ತು?’ ಅಂದೆ. ವರ್ಷ ವರ್ಷಕ್ಕೆ ಕೂಡುತ್ತಾ ಬಂದ. 80 ಲಕ್ಷ. ಪೆನ್ನು ಕೆಳಗಿಟ್ಟ. ಕೆರೆಯಲ್ಲಿ ಹಕ್ಕಿ ಮುಳುಗಿ ಏಳುವುದನ್ನು ನೋಡುತ್ತಾ ಕೂತ.

ಆಗ ವಾದ ಮಾಡದೆ ‘ಹೆಂಗೆ’ ಅಂತ ಕೇಳಬೇಕು. ಯಾಕೆ ಅಂತ ಕೇಳಿದರೆ ಸಮರ್ಥನೆ ಬರುತ್ತದೆ, ಹೆಂಗೆ ಅಂತ ಕೇಳಿದರೆ ಯೋಚನೆ ಬರುತ್ತದೆ. ಹೊಲಿಗೆ ಮಿಷನ್ನು, ಜಿಪ್ಪು, ಬೀಗ ಹೇಗೆ ಕೆಲಸ ಮಾಡುತ್ತವೆ ಅಂತ ತಮಗೆ ಗೊತ್ತು ಅಂದುಕೊಂಡವರು ಹಂತ ಹಂತವಾಗಿ ವಿವರಿಸಲು ಹೊರಟಾಗ ತಮಗೆ ಗೊತ್ತಿರುವುದು ಎಷ್ಟು ಕಡಿಮೆ ಅಂತ ಕಂಡುಕೊಳ್ಳುತ್ತಾರೆ ಅನ್ನುವುದನ್ನು 2002ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ತೋರಿಸಿದ್ದಾರೆ. ‘ಈ ಸೈಟು ಇಪ್ಪತ್ತೈದಕ್ಕೆ ಹೆಂಗೆ ಹೋಗುತ್ತೆ? ಯಾರು ತಗೋತಾರೆ?’ ಅಂದೆ. ‘ನೌಕರಿ ಇರೋರು’ ಅಂದ. ಸೈಟಿಗೆ ಇಪ್ಪತ್ತೈದು, ಕಟ್ಟಲು ಇನ್ನೊಂದು ಇಪ್ಪತ್ತೈದು, ಒಟ್ಟು 50 ಲಕ್ಷ. ಅದರಲ್ಲಿ 30 ಲಕ್ಷ ಸಾಲ ಅಂದರೂ ಶೇ 9ಕ್ಕೆ ಇಪ್ಪತ್ತು ವರ್ಷ, ತಿಂಗಳಿಗೆ 27,000 ಕಂತು. ‘ನಮ್ಮ ಬೀದಿಯಲ್ಲಿ ಅಷ್ಟು ಕಟ್ಟೋರು ಎಷ್ಟು ಮನೆ ಇದಾವೆ?’ ಬೆರಳು ಮಡಚಿದ, ಮೂರಕ್ಕೆ ನಿಲ್ಲಿಸಿದ. ಆಮೇಲೆ ‘ಚನ್ನಗಿರಿ ಕಡೆ ಅಡಿಕೆ ದುಡ್ಡಿನೋರು ತಗೋತಾರೆ’ ಅಂದ. ಹೌದು, ಆ ದುಡ್ಡು ಬರುತ್ತದೆ, ನಾನೇ ಪತ್ರ ಬರೆದಿದ್ದೇನೆ. ಅವರಿಗೆ ಮಾರಲು ಇದೇ ಸಾಲಿನಲ್ಲಿ ಖಾಲಿ ಸೈಟು ಎಷ್ಟಿವೆ ಅಂತಲೂ ಎಣಿಸೋಣ ಅಂದೆ. ಮರುದಿನ ಬೈಕಿನಲ್ಲಿ ಹೋಗಿ ಎಣಿಸಿದೆವು. ಆ ಲೇಔಟಿನಲ್ಲಿ ಹನ್ನೊಂದು ಮನೆ ಎದ್ದಿದ್ದವು. ಮಿಕ್ಕದ್ದು ಹುಲ್ಲು.

1991ರ ನಿಟ್ಟುವಳ್ಳಿ ಊರಂಚು. ಅದರ ಮೇಲೆ ಊರು ಬಂತು, ನೀರು ಬಂತು, 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು, ಕಾಲೇಜು ಮಕ್ಕಳು ಬಾಡಿಗೆಗೆ ಬಂದರು. ಅದನ್ನೆಲ್ಲ ಕೊಂಡವನು ಪುಕ್ಕಟೆ ಪಡೆದ. 2012ರ ಲೇಔಟು ಮಾಡಿದವರು ಮುಂದೆ ಬರುವ ರಸ್ತೆ, ನೀರು, ಊರು ಎಲ್ಲದರ ಬೆಲೆಯನ್ನೂ ಮೊದಲೇ ಸೇರಿಸಿ ಚದರಡಿ ದರ ಕಟ್ಟಿದ್ದರು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳಲ್ಲಿ ದಾವಣಗೆರೆ ಹೆಸರು ಬಂದಾಗಲೂ ಜನ ‘ಇನ್ನು ಡಬಲ್’ ಅಂದರು. ಎಲ್ಲರಿಗೂ ಗೊತ್ತಾದ ಸುದ್ದಿ ಮಾರುವವನ ಬಾಯಿಗೂ ಬಂದಿರುತ್ತದೆ.

ಹಿಂದಿರುಗುವ ದಾರಿ ಬಿಡಿ

‘ಅಣ್ಣಾ, 1991ರಲ್ಲಿ ನೀನು ಮಾಡಿದ್ದು ಸರಿ. ಆ ಸೈಟು ಇಲ್ಲದಿದ್ರೆ ಆ ದುಡ್ಡು ಮನೆಖರ್ಚಿಗೆ ಕರಗ್ತಿತ್ತು, ಮಗಳ ಮದುವೆ ಆಗ್ತಿರಲಿಲ್ಲ’ ಅಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜ. ಬ್ಯಾಂಕಿನ ದುಡ್ಡನ್ನು ನೆಂಟರು ಕೇಳುತ್ತಾರೆ, ಸೈಟನ್ನು ಕೇಳುವುದಿಲ್ಲ. ಮಣ್ಣಿಗೆ ಆ ಗುಣ ಇದೆ, ಅದನ್ನು ಲೆಕ್ಕದಲ್ಲಿ ಕಳೆಯಬೇಡಿ. ಎದುರಿನವರ ಮಾತಿನಲ್ಲಿ ಸರಿಯಾದದ್ದನ್ನು ಬಾಯಿಬಿಟ್ಟು ಒಪ್ಪದಿದ್ದರೆ ಅವರೂ ಒಪ್ಪುವುದಿಲ್ಲ.

ಕೊನೆಗೆ ಅಣ್ಣನ ಮಗನ ಸಾಲ. ಬೆಂಗಳೂರಿನಲ್ಲಿ ಅವನು ತೆಗೆದ 15 ಲಕ್ಷಕ್ಕೆ ಶೇ 9, ವರ್ಷಕ್ಕೆ 1,35,000 ಬಡ್ಡಿ. ಸೈಟು ಏರುತ್ತಿರುವುದು ವರ್ಷಕ್ಕೆ ಶೇ 5ಕ್ಕಿಂತ ತುಸು ಮೇಲೆ, ಅಂದರೆ ಎಂಬತ್ತು ತೊಂಬತ್ತು ಸಾವಿರ. ಎರಡನ್ನೂ ಪಕ್ಕಪಕ್ಕ ಬರೆದು ಕೊಟ್ಟು ಎದ್ದುಬಿಟ್ಟೆ. ‘ಮಾರು’ ಅನ್ನಲಿಲ್ಲ. ಆಮೇಲೆ ಮೂರು ತಿಂಗಳು ಆ ವಿಷಯವನ್ನೇ ಎತ್ತಲಿಲ್ಲ, ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಆಸ್ತಿ ಅವರದು, ಸಹಿ ಅವರದು. ಮಕ್ಕಳು ಗದರಿಸಿ ಕರೆತಂದ ಮುದುಕರಿಗೆ ನಾನು ಪತ್ರ ಬರೆದುಕೊಟ್ಟಿಲ್ಲ, ಬರೆಯುವುದೂ ಇಲ್ಲ. ತಾವು ವಾಸವಿರುವ ಮನೆಯ ವಿಷಯವಾದರಂತೂ ಈ ಲೆಕ್ಕವನ್ನೇ ತೆಗೆಯಬೇಡಿ, ತಲೆ ಮೇಲಿನ ಸೂರಿಗೆ ಬಡ್ಡಿ ಹಿಡಿಯುವುದಿಲ್ಲ.

ದೀಪಾವಳಿ ಕಳೆಯಿತು. ಇಪ್ಪತ್ತೈದಕ್ಕೆ ಯಾರೂ ಬರಲಿಲ್ಲ. ಒಂದು ಮಧ್ಯಾಹ್ನ ಅಣ್ಣ ಫೋನೂ ಮಾಡದೆ ನನ್ನ ಟೇಬಲ್ ಹತ್ತಿರ ಬಂದು ಬೆಂಚಿನ ಮೇಲೆ ಕೂತ. ನನ್ನ ಮುಂದೆ ಇಬ್ಬರು ಗಿರಾಕಿ ಇದ್ದರು, ತನ್ನ ಸರದಿ ಬರುವವರೆಗೆ ಕಾದ. ಆಮೇಲೆ ನೋಟ್‌ಬುಕ್ಕು ತೆಗೆದು, ‘ಹದಿನೇಳಕ್ಕೆ ಒಬ್ರು ಬಂದಾರೆ. ಸಂಚಕಾರ ಒಂದು ಲಕ್ಷ. ಮೂರು ತಿಂಗಳ ಕರಾರು ಬರಿ’ ಅಂದ.

ಕಂಪ್ಯೂಟರಿನಲ್ಲಿ ಹೊಸ ಹಾಳೆ ತೆಗೆದು, ಚೆಕ್‌ಬಂದಿ ಹೇಳು ಅಂದೆ.

‘ಪೂರ್ವಕ್ಕೆ ಖಾಲಿ ಸೈಟು. ಪಶ್ಚಿಮಕ್ಕೆ ಖಾಲಿ ಸೈಟು. ದಕ್ಷಿಣಕ್ಕೂ ಖಾಲಿ ಸೈಟೇ. ಉತ್ತರಕ್ಕೆ ರಸ್ತೆ’ ಅಂದ. ಸ್ವಲ್ಪ ತಡೆದು, ‘ನಂಬರ್ ಬರ್ಕೋ, ಹೇಳ್ತೀನಿ’ ಅಂತ ಕನ್ನಡಕ ಹಾಕಿಕೊಂಡ.